ಎಎಸಿ ಬ್ಲಾಕ್ ವಿಮರ್ಶೆ: ಹಳೇ ಮನೆಯ ಹೊರಗೋಡೆ ಬಿಚ್ಚಿ ಕಟ್ಟುವವರಿಗೆ

ಬೆಂಗಳೂರು, ಮೈಸೂರು, ತುಮಕೂರಿನ ಹಳೇ ಬಡಾವಣೆಗಳಲ್ಲಿ ಮನೆಯನ್ನು ಪೂರ್ತಿ ಕೆಡವದೆ, ಹೊರಗೋಡೆಗಳನ್ನಷ್ಟೇ ಬಿಚ್ಚಿ ಹೊಸದಾಗಿ ಕಟ್ಟಿಸುವವರು ಬಹಳ ಮಂದಿ. ಒಳಗಿನ ಕೋಣೆ, ತಾರಸಿ, ನೆಲ ಹಾಗೇ ಉಳಿಯುತ್ತವೆ. ತೇವ ಹಿಡಿದು ಉಪ್ಪುಕ್ಕುತ್ತಿರುವ, ಮಣ್ಣಿನ ಗಾರೆ ಪುಡಿಯಾಗಿ ಉದುರುತ್ತಿರುವ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಮಾತ್ರ ಹೋಗುತ್ತದೆ. ಆ ಜಾಗಕ್ಕೆ ಯಾವುದನ್ನು ಹಾಕಬೇಕು ಎಂದು ಕೇಳಿದರೆ ಗುತ್ತಿಗೆದಾರರು ಮೊದಲು ಹೇಳುವ ಹೆಸರೇ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಗಾಳಿಗುಳ್ಳೆ ತುಂಬಿದ, ಹಬೆಯಲ್ಲಿ ಬೇಯಿಸಿದ ಹಗುರ ಕಾಂಕ್ರೀಟ್ ಬ್ಲಾಕು. ಹೊಸ ಮನೆಗೆ ಅದು ಹೇಗೆ ಎಂಬ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಹಳೇ ಮನೆಗೆ ಸೇರಿಸುವಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಈ ವಿಮರ್ಶೆಯ ವಿಷಯ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಬ್ಲಾಕು ಒಳ್ಳೆಯದು. ಒಳನಾಡಿನಲ್ಲಿ, ನೆಲದ ಮೇಲೆ ಎದ್ದು ಕಾಣುವ ಪಾಯದ ಕಟ್ಟೆಯಾದ ಪ್ಲಿಂತ್‌ನಿಂದ ಮೇಲಕ್ಕೆ, ಭಾರವನ್ನು ಬೇರೆ ಕಂಬ ತೊಲೆಗಳು ಹೊರುವ ಕಡೆ ಧೈರ್ಯವಾಗಿ ಹಾಕಿಸಬಹುದು. ಬಿರುಕು ಬಂತು, ನೀರು ಇಳಿಯಿತು ಎಂಬ ದೂರುಗಳಲ್ಲಿ ಹೆಚ್ಚಿನವು ಬ್ಲಾಕಿನ ಮೈಯಿಂದ ಬರುವುದಿಲ್ಲ. ಹೊಸ ಗೋಡೆ ಹಳೇ ಗೋಡೆಯನ್ನು ಮುಟ್ಟುವ ಸಂದಿಯಿಂದ ಬರುತ್ತವೆ. ಆ ಸಂದಿಗೆ ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಈ ಬ್ಲಾಕು ನಿಮಗಲ್ಲ.

ಮೊದಲು ತೂಕ, ಏಕೆಂದರೆ ನವೀಕರಣದಲ್ಲಿ ಎಎಸಿಯ ನಿಜವಾದ ಲಾಭ ಅಲ್ಲೇ ಇದೆ. 600×200×200 ಮಿ.ಮೀ. ಅಳತೆಯ ಒಂದು ಬ್ಲಾಕು ಒಣಗಿದಾಗ ಸುಮಾರು 14–15 ಕೆ.ಜಿ. 400×200×200ರ ಸಾಲಿಡ್ ಕಾಂಕ್ರೀಟ್ ಬ್ಲಾಕು ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು, ಆದರೂ 33 ಕೆ.ಜಿ. ಆಸುಪಾಸು ತೂಗುತ್ತದೆ. 100 ಚದರ ಅಡಿ ಗೋಡೆಯ ಲೆಕ್ಕ ಹಾಕಿ: ಒಂಬತ್ತು ಇಂಚಿನ ಇಟ್ಟಿಗೆಯದಾದರೆ ಸುಮಾರು 4 ಟನ್, ಎಂಟು ಇಂಚಿನ ಸಾಲಿಡ್ ಬ್ಲಾಕಿನದಾದರೆ ಗಾರೆ ಸೇರಿ ಮೂರೂಮುಕ್ಕಾಲು ಟನ್, ಎಎಸಿಯದಾದರೆ ಒಂದೂಕಾಲು ಟನ್ ಒಳಗೆ. ಹಳೇ ಮನೆಯ ಪಾಯ ಬಹುಪಾಲು ಸೈಜು ಕಲ್ಲನ್ನು ಮಣ್ಣಿನ ಗಾರೆಯಲ್ಲಿ ಕೂರಿಸಿದ್ದು. ಅದರ ಮೇಲೆ ಮಹಡಿ ಎಬ್ಬಿಸುವ ಯೋಚನೆ ಇದ್ದರೆ ಈ ಎರಡೂವರೆ ಟನ್ ವ್ಯತ್ಯಾಸ ಬಹಳ ದೊಡ್ಡದು.

ಶಾಖದ ವಿಷಯದಲ್ಲೂ ಬ್ಲಾಕು ಗೆಲ್ಲುತ್ತದೆ. ಒಣಗಿದ 200 ಮಿ.ಮೀ. ಎಎಸಿ ಗೋಡೆಯ ಮೂಲಕ ಒಳಗೆ ಬರುವ ಬಿಸಿಲಿನ ಕಾವು ಅಷ್ಟೇ ದಪ್ಪದ ಇಟ್ಟಿಗೆ ಗೋಡೆಗೆ ಹೋಲಿಸಿದರೆ ಅರ್ಧಕ್ಕೂ ಕಡಿಮೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಮನೆಗಳಲ್ಲಿ ಪಡುವಣ ಗೋಡೆಯೊಂದನ್ನೇ ಬದಲಿಸಿದರೂ ಸಂಜೆಯ ಕೋಣೆಯಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ. ಸದ್ದಿನ ವಿಷಯದಲ್ಲಿ ಮಾತ್ರ ಸೋಲು. ಗೋಡೆ ಹಗುರಾದಷ್ಟೂ ಸದ್ದು ಹೆಚ್ಚು ದಾಟುತ್ತದೆ. ಬಸ್ಸು ಓಡಾಡುವ ರಸ್ತೆಗೆ ತಾಗಿದ ಮಲಗುವ ಕೋಣೆಯಲ್ಲಿ ಹಳೇ ಒಂಬತ್ತು ಇಂಚಿನ ಗೋಡೆ ಕೊಡುತ್ತಿದ್ದ ನಿಶ್ಶಬ್ದವನ್ನು ಇದು ಕೊಡುವುದಿಲ್ಲ.

ಕೊಳ್ಳುವಾಗ ನೋಡಬೇಕಾದ್ದು ಮೂರು ನಾಲ್ಕು ಸಂಗತಿ. ಎಎಸಿ ಹೆಸರಿನಲ್ಲಿ ನೊರೆ ಕಾಂಕ್ರೀಟಿನ ಸಿಎಲ್‌ಸಿ ಬ್ಲಾಕನ್ನು ಇಳಿಸಿ ಹೋಗುವುದುಂಟು. ಎರಡೂ ಹಗುರ, ಎರಡೂ ಬೂದುಬಣ್ಣ. ಆದರೆ ಎಎಸಿಯನ್ನು ಒತ್ತಡದ ಹಬೆಯಲ್ಲಿ ಬೇಯಿಸಿರುತ್ತಾರೆ, ಸಿಎಲ್‌ಸಿಯನ್ನು ನೊರೆ ಬೆರೆಸಿ ಅಚ್ಚು ಹಾಕಿ ಸಾಮಾನ್ಯ ಕಾಂಕ್ರೀಟಿನಂತೆ ನೀರಿನಲ್ಲಿ ಗಟ್ಟಿ ಮಾಡಿರುತ್ತಾರೆ. ಕಟ್ಟಿದ ಮೇಲೆ ಸಿಎಲ್‌ಸಿ ಹೆಚ್ಚು ಕುಗ್ಗುತ್ತದೆ. ಬ್ಯಾಚಿನ ಪರೀಕ್ಷಾ ವರದಿ ಕೇಳಿ: ಎಎಸಿಗೆ ಭಾರತೀಯ ಮಾನಕ ಐಎಸ್ 2185ರ ಭಾಗ 3, ಸಿಎಲ್‌ಸಿಗೆ ಭಾಗ 4. ಕಾಗದದಲ್ಲಿ ಯಾವ ಭಾಗದ ಹೆಸರಿದೆ ಎಂದು ನೋಡಿದರೆ ಸಾಕು. ಅದೇ ವರದಿಯಲ್ಲಿ ಗ್ರೇಡ್ 1 ಎಂದಿದೆಯೇ ನೋಡಿ. ಘನ ಮೀಟರಿಗೆ 551–650 ಕೆ.ಜಿ. ಸಾಂದ್ರತೆಯ ವರ್ಗದಲ್ಲಿ ಗ್ರೇಡ್ 1ಕ್ಕೆ ಚದರ ಮಿ.ಮೀ.ಗೆ 4 ನ್ಯೂಟನ್ ತಾಳುವ ಶಕ್ತಿ ಬೇಕು, ಗ್ರೇಡ್ 2ಕ್ಕೆ 3 ಸಾಕು. ಒಣಗುವಾಗಿನ ಕುಗ್ಗುವಿಕೆಗೆ ಗ್ರೇಡ್ 1ರಲ್ಲಿ ಮಿತಿ ಶೇ. 0.05, ಗ್ರೇಡ್ 2ರಲ್ಲಿ ಶೇ. 0.10. ಹಳೇ ಮನೆಗೆ ಶಕ್ತಿಗಿಂತ ಈ ಎರಡನೇ ಅಂಕಿಯೇ ಮುಖ್ಯ. ಏಕೆಂಬುದು ಸಂದಿಯ ಮಾತು ಬಂದಾಗ ತಿಳಿಯುತ್ತದೆ.

ಲಾರಿಯಿಂದ ಇಳಿದ ಬ್ಲಾಕುಗಳಲ್ಲಿ ಹತ್ತನ್ನು ತೆಗೆದು ಒಂದರ ಮೇಲೊಂದು ಇಟ್ಟು ಎತ್ತರ ಅಳೆಯಿರಿ. ಒಂದೊಂದರ ನಡುವೆ 2 ಮಿ.ಮೀ.ಗಿಂತ ಹೆಚ್ಚು ಏರುಪೇರಿದ್ದರೆ 3 ಮಿ.ಮೀ. ತೆಳು ಗಾರೆಯಲ್ಲಿ ಮಟ್ಟ ಕೂರುವುದಿಲ್ಲ. ಮೇಸ್ತ್ರಿ ಅಲ್ಲಲ್ಲಿ ಚೂರು ತುರುಕಿ ಸರಿಮಾಡಲು ಹೋಗುತ್ತಾನೆ. ಒಂದು ಬ್ಲಾಕನ್ನು ತೂಗಿಸಿ. 14–15 ಕೆ.ಜಿ. ಇರಬೇಕಾದದ್ದು 20ರ ಹತ್ತಿರ ಬಂದರೆ ಅದು ಇನ್ನೂ ಒದ್ದೆ ಇದೆ, ಕಾರ್ಖಾನೆಯಿಂದ ನೇರವಾಗಿ ಬಂದಿದೆ. ಹಲಗೆಯ ಮೇಲೆ ಪೇರಿಸಿ, ಮೇಲೆ ಮಾತ್ರ ಟಾರ್ಪಾಲು ಹೊದಿಸಿ, ಪಕ್ಕದಲ್ಲಿ ಗಾಳಿಯಾಡಲು ಬಿಟ್ಟು ಎರಡು ಮೂರು ವಾರ ಒಣಗಿಸದೆ ಕಟ್ಟಬೇಡಿ.

ಮಾರಾಟದ ರೀತಿ ನವೀಕರಣದವರಿಗೆ ಅನುಕೂಲವಾಗಿಲ್ಲ ಎಂಬುದು ನಮ್ಮ ದೊಡ್ಡ ಆಕ್ಷೇಪ. ಘನ ಮೀಟರ್ ಲೆಕ್ಕ, ಪೂರ್ತಿ ಲೋಡ್ ತೆಗೆದುಕೊಂಡರೆ ಮಾತ್ರ ಒಳ್ಳೆಯ ದರ. ಒಂದೇ ಗೋಡೆಗೆ ಬೇಕಾಗುವುದು ನೂರಿನ್ನೂರು ಬ್ಲಾಕು. ಜೊತೆಗೆ ಹಳೇ ಬಡಾವಣೆಯ ಓಣಿಗೆ ದೊಡ್ಡ ಲಾರಿ ಬರುವುದಿಲ್ಲ. ತುದಿಯಲ್ಲಿ ಇಳಿಸಿ, ಸಣ್ಣ ಗಾಡಿಗೆ ತುಂಬಿ, ಮತ್ತೆ ಇಳಿಸುವಷ್ಟರಲ್ಲಿ ಮೂಲೆಗಳು ಒಡೆಯುತ್ತವೆ. 100 ಚದರ ಅಡಿಗೆ ಲೆಕ್ಕದ ಪ್ರಕಾರ 78 ಬ್ಲಾಕು ಸಾಕು. ಎರಡು ಸಲ ಇಳಿಸಿ ಏರಿಸುವಂತಿದ್ದರೆ 85 ಹೇಳಿ. ತೆಳು ಗಾರೆಯ 40 ಕೆ.ಜಿ. ಚೀಲ ಅದೇ ಗೋಡೆಗೆ ಒಂದೂವರೆ ಹಿಡಿಯುತ್ತದೆ, ಎರಡು ತರಿಸಿಕೊಳ್ಳಿ.

ದಪ್ಪದ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಹಳೇ ಗೋಡೆ 230 ಮಿ.ಮೀ. ಇಟ್ಟಿಗೆ, ಎರಡೂ ಬದಿ ಗಾರೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬ್ಲಾಕು 200. ಉಳಿದ 30 ಮಿ.ಮೀ. ಎಲ್ಲಿಗೆ ಹೋಗಬೇಕು? ಹೊರಗಡೆ ತುಂಬಿಸಲು ಹೋಗಿ ದಪ್ಪ ಗಾರೆ ಬಳಿದರೆ ಅದು ತನ್ನ ಭಾರಕ್ಕೇ ಬಿಟ್ಟುಕೊಳ್ಳುತ್ತದೆ. 225 ಅಥವಾ 230 ಮಿ.ಮೀ. ಬ್ಲಾಕುಗಳನ್ನು ಮುಂಚೆಯೇ ಹೇಳಿ ತರಿಸುವುದು ಸರಿಯಾದ ದಾರಿ. ಸಿಗದಿದ್ದರೆ ಹೊರಮೈಯನ್ನು ಹಳೇ ಗೋಡೆಗೆ ಸಮವಾಗಿ ಹಿಡಿದು ಕಟ್ಟಿ, ವ್ಯತ್ಯಾಸವನ್ನು ಒಳಗಡೆಗೆ ಬಿಡಿ. ಒಳಗಿನ ಮೆಟ್ಟಿಲನ್ನು ಬೀರು, ಪರದೆ, ಕಿಟಕಿಯ ಚೌಕಟ್ಟು ಮುಚ್ಚಿಕೊಳ್ಳುತ್ತವೆ. ಹೊರಗಿನ ಮೆಟ್ಟಿಲಿನ ಮೇಲೆ ಮಾತ್ರ ನೀರು ಕೂರುತ್ತದೆ.

ಇನ್ನು ಬಿಚ್ಚುವ ಕೆಲಸ. ಹಳೇ ಮನೆಗಳಲ್ಲಿ ಹೊರಗೋಡೆ ಅಂದರೆ ಬಹುಪಾಲು ತಾರಸಿ ಹೊತ್ತ ಗೋಡೆಯೇ. ಮದ್ರಾಸ್ ತಾರಸಿಯ (ತೊಲೆಗಳ ಮೇಲೆ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕೂರಿಸಿದ್ದು) ಮರದ ತೊಲೆಗಳು, ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆಯ ಕಲ್ಲು ಚಪ್ಪಡಿಗಳು ನೇರ ಗೋಡೆಯ ಮೇಲೆ ಕೂತಿರುತ್ತವೆ. 10 ಅಡಿ ಅಗಲದ ಕೋಣೆಯ ಮೇಲಿನ 4 ಇಂಚಿನ ಚಪ್ಪಡಿ, ಮೇಲಿನ ಗಾರೆ ಬಿಟ್ಟು, ಗೋಡೆಯ ಪ್ರತಿ ಮೀಟರಿಗೆ ಸುಮಾರು 400 ಕೆ.ಜಿ. ಇಳಿಸುತ್ತದೆ. ಒಟ್ಟು ಲೆಕ್ಕದಲ್ಲಿ ಎಎಸಿಗೆ ಇದು ಹೊರಲಾಗದ ಭಾರವೇನಲ್ಲ. ತೊಂದರೆ ಬರುವುದು ಚಪ್ಪಡಿಯ ತುದಿ ಬ್ಲಾಕಿನ ಒಳ ಅಂಚನ್ನಷ್ಟೇ ಒತ್ತುವುದರಿಂದ. ಆ ಅಂಚು ಬಿಸ್ಕತ್ತಿನಂತೆ ಉದುರುತ್ತದೆ. ಹಾಗಾಗಿ ಚಪ್ಪಡಿ, ತೊಲೆ ಯಾವುದನ್ನೂ ನೇರ ಬ್ಲಾಕಿನ ಮೇಲೆ ಕೂರಿಸಕೂಡದು. ಕೆಳಗೆ ಗೋಡೆಯಗಲಕ್ಕೂ ಕನಿಷ್ಠ 100 ಮಿ.ಮೀ. ದಪ್ಪದ ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ ಬೇಕು. ಇದಕ್ಕಿಂತ ಒಳ್ಳೆಯದು ಆರ್‌ಸಿಸಿ ಕಂಬ, ತೊಲೆ ಹಾಕಿ ಭಾರವನ್ನೇ ಅವಕ್ಕೆ ವರ್ಗಾಯಿಸಿ, ಬ್ಲಾಕನ್ನು ನಡುವೆ ತುಂಬುವುದು. ಇಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಟ್ಟ ನಕ್ಷೆ ಇಲ್ಲದೆ ಸುತ್ತಿಗೆ ಎತ್ತಬಾರದು.

ಗೋಡೆ ಬಿಚ್ಚುವ ಮೊದಲು ತಾರಸಿಗೆ ಆಸರೆಯಾಗಿ ಜಾಕಿ ಕೊಡುವುದಕ್ಕೂ ಕ್ರಮ ಇದೆ. ಗೋಡೆಯಿಂದ ಎರಡು ಅಡಿ ಒಳಗೆ, ಮೂರು ಅಡಿಗೊಂದು ಜಾಕಿ. ಕೆಳಗೂ ಮೇಲೂ ದಪ್ಪ ಹಲಗೆ. ತಾರಸಿಗೆ ತಾಗುವಷ್ಟು ಬಿಗಿ ಮಾಡಿದರೆ ಸಾಕು, ಎತ್ತಲು ಹೋಗಬಾರದು. ಎತ್ತಿದರೆ ಮದ್ರಾಸ್ ತಾರಸಿಯ ಇಟ್ಟಿಗೆಗಳ ನಡುವಿನ ಸುಣ್ಣದ ಗಾರೆ ಬಿಟ್ಟುಕೊಂಡು ಮುಂದಿನ ಮಳೆಗೆ ಸೋರುತ್ತದೆ. ಭಾರ ಹೊತ್ತ ಗೋಡೆಯನ್ನು ಒಂದೇ ಸಲ ಬಿಚ್ಚದೆ ನಾಲ್ಕು ನಾಲ್ಕು ಅಡಿಯ ತುಂಡು ಮಾಡಿಕೊಂಡು, ಒಂದು ಬಿಟ್ಟು ಒಂದು ಬಿಚ್ಚಿ ಕಟ್ಟುತ್ತ ಹೋಗಬೇಕು. ಮೇಲಿನ ಕಾಂಕ್ರೀಟ್ ಪಟ್ಟಿ ಹಾಕಿ 14 ದಿನ ತುಂಬುವವರೆಗೂ ಜಾಕಿ ಕೀಳಬಾರದು. ದಿನಬಾಡಿಗೆ ಏರುತ್ತದೆ ಎಂದು ಏಳನೇ ದಿನವೇ ಕಿತ್ತುಕೊಂಡು ಹೋಗಲು ಬರುತ್ತಾರೆ, ಬಿಡಬೇಡಿ.

ಗೋಡೆ ಬಿಚ್ಚಿದ ಮೇಲೆ ಪಾಯದ ತಲೆ ಕಾಣುತ್ತದೆ. ಹಳೇ ಬಡಾವಣೆಗಳಲ್ಲಿ ಪ್ರತಿ ಸಲ ಟಾರು ಹಾಕಿದಾಗಲೂ ರಸ್ತೆ ಏರಿ ಏರಿ, ಒಂದು ಕಾಲಕ್ಕೆ ಎರಡು ಅಡಿ ಇದ್ದ ಪ್ಲಿಂತ್ ಈಗ ಗೇಣುದ್ದ ಉಳಿದಿರುತ್ತದೆ. ಮಳೆ ಜೋರಾಗಿ ಹೊಡೆದಾಗ ನೆಲದ ನೀರು ಸಿಡಿದು ಗೋಡೆಯ ಮೊದಲ ಅಡಿ ಪೂರ್ತಿ ನೆನೆಯುತ್ತದೆ. ಈ ಭಾಗದಲ್ಲಿ ಎಎಸಿ ಬೇಡವೇ ಬೇಡ. ಅದು ನೀರನ್ನು ಸ್ಪಂಜಿನಂತೆ ಹೀರುತ್ತದೆ, ಒಣಗಲು ವಾರಗಳು ಹಿಡಿಯುತ್ತವೆ. ಪಾಯದ ಮೇಲೆ ಕಂಬಿ ಹಾಕಿದ ಪ್ಲಿಂತ್ ಬೀಮ್, ಅದರ ಮೇಲೆ ಹೊರಗಿನ ನೆಲಮಟ್ಟದಿಂದ ಕನಿಷ್ಠ ಒಂದೂವರೆ ಅಡಿ ಬರುವಷ್ಟು ಸಾಲಿಡ್ ಕಾಂಕ್ರೀಟ್ ಬ್ಲಾಕಿನ ಸಾಲುಗಳು, ಆಮೇಲೆ 40 ಮಿ.ಮೀ. ದಪ್ಪದ, ವಾಟರ್‌ಪ್ರೂಫ್ ಪುಡಿ ಬೆರೆಸಿದ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟಿನ ಡಿಪಿಸಿ, ಅಂದರೆ ತೇವ ಮೇಲೇರದಂತೆ ತಡೆಯುವ ಪದರ. ಎಎಸಿ ಶುರುವಾಗುವುದು ಅದರ ಮೇಲೆ. ಬಚ್ಚಲಮನೆಯ ಹೊರಗೋಡೆಗೂ ಒಳನೆಲದಿಂದ ಎರಡು ಸಾಲು ಸಾಲಿಡ್ ಬ್ಲಾಕೇ ಇರಲಿ.

ಕಟ್ಟುವ ವಿಧಾನದ ಬಗ್ಗೆ ಐಎಸ್ 6041 ಎಂಬ ಪ್ರತ್ಯೇಕ ಸಂಹಿತೆಯೇ ಇದೆ, ಆದರೆ ಕೆಲಸದ ಜಾಗದಲ್ಲಿ ನಡೆಯುವುದು ಇಟ್ಟಿಗೆಯ ಅಭ್ಯಾಸ. ಮುಖ್ಯವಾದ ತಪ್ಪು ನೀರು. ಇಟ್ಟಿಗೆಯನ್ನು ನೆನೆಸಿ ಕಟ್ಟಬೇಕು. ತೆಳು ಗಾರೆಯಲ್ಲಿ ಎಎಸಿಯನ್ನು ನೆನೆಸಬಾರದು. ಬ್ರಷ್ಷಿನಿಂದ ಧೂಳು ಉಜ್ಜಿ, ಬಿಸಿಲು ಬಲವಾಗಿದ್ದರೆ ಕೈಯಲ್ಲಿ ನಾಲ್ಕು ಹನಿ ಚಿಮುಕಿಸಿದರೆ ಆಯಿತು. ಕಟ್ಟಿದ ಮೇಲೆ ಸಂಜೆ ಪೈಪು ಹಿಡಿದು ನೀರು ಹೊಡೆಯುವ ಪದ್ಧತಿಯೂ ಬೇಡ, ತೆಳು ಗಾರೆಗೆ ಅದರ ಅಗತ್ಯವಿಲ್ಲ. ಹೊಡೆದ ನೀರನ್ನೆಲ್ಲ ಕುಡಿದು ಉಬ್ಬಿದ ಬ್ಲಾಕು ಮುಂದಿನ ಬೇಸಿಗೆಯಲ್ಲಿ ಕುಗ್ಗುತ್ತದೆ. ಮೊದಲ ಸಾಲನ್ನು ಮಾತ್ರ 1:4 ಸಿಮೆಂಟ್ ಗಾರೆಯಲ್ಲಿ, 20 ಮಿ.ಮೀ. ದಪ್ಪಕ್ಕೆ, ರಸಮಟ್ಟ ಹಿಡಿದು ಕೂರಿಸಬೇಕು. ಮೊದಲ ಸಾಲು ಮಟ್ಟವಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಹಲ್ಲಿರುವ ಕರಣೆಯಲ್ಲಿ ಗಾರೆ ಎಳೆದು, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ, ನಿಂತಿರುವ ಸಂದಿಗಳಿಗೂ ಗಾರೆ ತುಂಬಬೇಕು. ಮೇಸ್ತ್ರಿಗಳು ಈ ನಿಂತ ಸಂದಿಯನ್ನೇ ಬಿಟ್ಟುಬಿಡುತ್ತಾರೆ. ಸಂಜೆ ಗೋಡೆಯ ಹಿಂದೆ ದೀಪ ಹಿಡಿದು ಈಚೆಯಿಂದ ನೋಡಿ, ಬೆಳಕು ಕಂಡ ಕಡೆಯಲ್ಲೆಲ್ಲ ಮಳೆ ಬರುತ್ತದೆ.

ಬ್ಲಾಕು ಕತ್ತರಿಸಲು ಗರಗಸವೇ ಆಗಬೇಕು. ಕರಣೆಯ ಏಟಿನಲ್ಲಿ ಒಡೆದ ತುಂಡಿನೊಳಗೆ ಕಣ್ಣಿಗೆ ಕಾಣದ ಸೀಳು ಉಳಿಯುತ್ತದೆ. ಕಿಟಕಿಯ ತಳಕ್ಕೊಂದು, ಲಿಂಟಲ್ ಮಟ್ಟಕ್ಕೊಂದು 75–100 ಮಿ.ಮೀ. ಕಾಂಕ್ರೀಟ್ ಪಟ್ಟಿ, ಅದರಲ್ಲಿ 8 ಮಿ.ಮೀ.ನ ಎರಡು ಕಂಬಿ ಗೋಡೆಯುದ್ದಕ್ಕೂ ಓಡಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಈ ತಳದ ಪಟ್ಟಿ ಹಾಕದೆ ಬಿಟ್ಟವರ ಮನೆಯಲ್ಲೇ ಕಾಣುವುದು. ಗೋಡೆ 4 ಮೀಟರಿಗಿಂತ ಉದ್ದವಿದ್ದರೆ ನಡುವೆ ಒಂದು ಸಣ್ಣ ಆರ್‌ಸಿಸಿ ಕಂಬ ಬರಲಿ. ಮೇಲೆ ಹಳೇ ಅಥವಾ ಹೊಸ ತೊಲೆಯ ತಳಕ್ಕೆ ಬ್ಲಾಕನ್ನು ಒತ್ತಿ ತುರುಕಬೇಡಿ. 10–15 ಮಿ.ಮೀ. ಬಿಟ್ಟು, ಹದಿನೈದು ದಿನ ಕಳೆದ ಮೇಲೆ ಪಾಲಿಮರ್ ಗಾರೆಯಲ್ಲಿ ತುಂಬಿ. ಇಟ್ಟಿಗೆ ಚೂರು ಸಿಕ್ಕಿಸಿದರೆ ತೊಲೆ ಕೊಂಚ ಬಾಗಿದಾಗ ಆ ಚೂರಿನ ಕೆಳಗಿನ ಬ್ಲಾಕೇ ಸೀಳುತ್ತದೆ.

ಈಗ ಸಂದಿ. ನಾಲ್ವತ್ತು ವರ್ಷದ ಸುಟ್ಟ ಇಟ್ಟಿಗೆ ತನ್ನ ಚಲನೆಯನ್ನೆಲ್ಲ ಮುಗಿಸಿಕೊಂಡು ಕೂತಿರುತ್ತದೆ. ಹೊಸ ಎಎಸಿ ಇನ್ನೂ ಒಣಗಿ ಕುಗ್ಗಬೇಕಾದದ್ದು. 4 ಮೀಟರ್ ಗೋಡೆಗೆ ಶೇ. 0.05 ಅಂದರೆ 2 ಮಿ.ಮೀ., ಗ್ರೇಡ್ 2 ಬ್ಲಾಕಾದರೆ 4 ಮಿ.ಮೀ.ವರೆಗೂ ಹೋಗಬಹುದು. ಈ ಎರಡು ಮಿಲಿಮೀಟರ್ ಎಲ್ಲಾದರೂ ತೆರೆದುಕೊಳ್ಳಲೇಬೇಕು, ಸಾಮಾನ್ಯವಾಗಿ ತೆರೆದುಕೊಳ್ಳುವುದು ಹಳತು ಹೊಸತು ಸೇರುವ ನೆಟ್ಟಗಿನ ಗೆರೆಯಲ್ಲಿ. ಹಳೇ ಇಟ್ಟಿಗೆಯಲ್ಲಿ ಹಲ್ಲು ಬಿಟ್ಟು ಅದರೊಳಗೆ ಬ್ಲಾಕನ್ನು ಕಚ್ಚಿಸುವುದು ಮೇಸ್ತ್ರಿಗಳ ಹಳೇ ರೂಢಿ. ಇಟ್ಟಿಗೆಗೆ ಇಟ್ಟಿಗೆ ಸೇರಿಸುವಾಗ ಅದು ಸರಿ. ಇಲ್ಲಿ ಹಾಗೆ ಮಾಡಿದರೆ ಕುಗ್ಗುವ ಬ್ಲಾಕು ಹಲ್ಲನ್ನೇ ಕಿತ್ತುಕೊಂಡು, ನೆಟ್ಟಗೆ ಬರಬೇಕಿದ್ದ ಒಂದು ಬಿರುಕು ಅಂಕುಡೊಂಕಾಗಿ ಗೋಡೆಯೊಳಗೆ ನುಗ್ಗುತ್ತದೆ. ಅದನ್ನು ಮುಚ್ಚುವುದು ಯಾರಿಂದಲೂ ಆಗದು.

ಸರಿಯಾದ ಕ್ರಮ ಹೀಗಿದೆ. ಹಳೇ ಗೋಡೆಯ ಅಂಚನ್ನು ಕಟಿಂಗ್ ಮೆಷಿನ್‌ನಲ್ಲಿ ನೆಟ್ಟಗೆ ಕೊಯ್ದು, ಸಡಿಲ ಇಟ್ಟಿಗೆ ಕಿತ್ತು, ಆ ಮುಖಕ್ಕೆ ಸಿಮೆಂಟ್ ಗಾರೆ ಬಳಿದು ಸಮ ಮಾಡಿಕೊಳ್ಳಬೇಕು. ಬ್ಲಾಕು ಅದಕ್ಕೆ 10 ಮಿ.ಮೀ. ದೂರದಲ್ಲಿ ನಿಲ್ಲಲಿ. ಎರಡು ಸಾಲಿಗೊಂದರಂತೆ, ಅಂದರೆ 400 ಮಿ.ಮೀ.ಗೊಂದು, ತುಕ್ಕು ಹಿಡಿಯದ ಲೋಹದ ಪಟ್ಟಿ ಹಾಕಿ: ಒಂದು ತುದಿ ಹಳೇ ಗೋಡೆಗೆ ಆಂಕರ್ ಬೋಲ್ಟಿನಿಂದ, ಇನ್ನೊಂದು ತುದಿ ಬ್ಲಾಕಿನ ಅಡ್ಡ ಸಂದಿಯ ಗಾರೆಯೊಳಗೆ. ಗೋಡೆ ಹೊರಕ್ಕೆ ವಾಲದಂತೆ ಪಟ್ಟಿ ಹಿಡಿಯುತ್ತದೆ, ಉದ್ದಕ್ಕೆ ಕೊಂಚ ಸರಿಯಲು ಬಿಡುತ್ತದೆ. ಹಳೇ ಇಟ್ಟಿಗೆ ಮಣ್ಣಿನ ಗಾರೆಯದಾದರೆ ಬೋಲ್ಟು ಅದರಲ್ಲಿ ನಿಲ್ಲುವುದಿಲ್ಲ; ಸೇರುವ ಜಾಗದಲ್ಲೇ ಒಂದು ಆರ್‌ಸಿಸಿ ಕಂಬ ಎಬ್ಬಿಸಿ ಪಟ್ಟಿಗಳನ್ನು ಅದಕ್ಕೆ ಕಟ್ಟಿ. ಆ 10 ಮಿ.ಮೀ. ಸಂದಿಗೆ ನೊರೆಯ ಹಗ್ಗ ಒತ್ತಿ, ಮೇಲೆ ಬಣ್ಣ ಹಿಡಿಯುವ ಪಾಲಿಯುರೆಥೇನ್ ಸೀಲೆಂಟ್. ಪ್ಲಾಸ್ಟರಿನಲ್ಲೂ ಅದೇ ಗೆರೆಗೆ ಸರಿಯಾಗಿ ನೆಟ್ಟಗಿನ ಗ್ರೂವ್ ಬಿಡಿ. ಗೋಡೆ ಒಂದೇ ಮೈಯಾಗಿ ಕಾಣಬೇಕು ಎಂದು ಗ್ರೂವ್ ಬೇಡವೆನ್ನುವ ಮನೆಯವರಿಗೆ ಸೋಲಬೇಡಿ. ನಾವು ಗೆರೆ ಎಳೆಯದಿದ್ದರೆ ಗೋಡೆಯೇ ತನಗೆ ಬೇಕಾದ ಕಡೆ ಎಳೆದುಕೊಳ್ಳುತ್ತದೆ.

ಬ್ಲಾಕು ಮತ್ತು ಹೊಸ ಆರ್‌ಸಿಸಿ ಸೇರುವ ಕಡೆ ಇಷ್ಟು ಬೇಕಿಲ್ಲ. ಪಟ್ಟಿ ಅಥವಾ ಕಂಬಿಯ ತುಂಡು, ಮೇಲೆ ಎರಡೂ ಬದಿಗೆ 150 ಮಿ.ಮೀ. ಹರಡುವ ಕ್ಷಾರಕ್ಕೆ ತಾಳುವ ಫೈಬರ್ ಬಲೆ ಸಾಕು. ಚಿಕನ್ ಮೆಶ್ ಆದರೆ ಸತುವಿನ ಲೇಪದ್ದೇ ಇರಲಿ, ಮೊಳೆ ಹೊಡೆದು ಬಿಗಿಯಾಗಿ ಎಳೆದಿರಲಿ. ಜೋತು ಬಿದ್ದ ಬಲೆಯ ಹಿಂದೆ ಗಾರೆ ಹೋಗದೆ ಪೊಳ್ಳು ಉಳಿಯುತ್ತದೆ.

ಪ್ಲಾಸ್ಟರಿಂಗ್ ವಿಚಾರದಲ್ಲಿ ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಎಎಸಿಗೆ ನಡೆಯುವುದಿಲ್ಲ. 1:3ರ ಗಾರೆ ಬ್ಲಾಕಿಗಿಂತ ಬಲವಾಗಿ, ಒಣಗುವಾಗ ಬ್ಲಾಕಿನ ಮೇಲ್ಪದರವನ್ನೇ ಎಳೆದುಕೊಂಡು ಹೊರಬರುತ್ತದೆ. ಮೊದಲು ಸಿಮೆಂಟ್, ದಪ್ಪ ಮರಳು, ಬಾಂಡಿಂಗ್ ದ್ರವದ ತೆಳು ಕಲಸನ್ನು ಗೋಡೆಗೆ ಎರಚಿ ಒರಟು ಮಾಡಬೇಕು. ಒಂದೆರಡು ದಿನ ಬಿಟ್ಟು 1:6ರ ಗಾರೆ, ಸ್ವಲ್ಪ ಸುಣ್ಣ ಸೇರಿಸಿದರೆ ಇನ್ನೂ ಉತ್ತಮ, ಎರಡು ಪದರದಲ್ಲಿ ಒಟ್ಟು 15–18 ಮಿ.ಮೀ. ಪಿ-ಸ್ಯಾಂಡ್ (ಪ್ಲಾಸ್ಟರಿಗೆಂದು ಕಲ್ಲು ಪುಡಿಮಾಡಿದ ಮರಳು) ಆದರೆ ಮುಷ್ಟಿಯಲ್ಲಿ ಹಿಡಿದು ಬಿಟ್ಟು ನೋಡಿ. ಕೈಗೆ ಬಿಳಿ ಹುಡಿ ಮೆತ್ತಿಕೊಂಡರೆ ಅದರಲ್ಲಿ ನುಣುಪು ಧೂಳು ಜಾಸ್ತಿ, ಬಲೆಯಂಥ ಕೂದಲು ಬಿರುಕು ಗ್ಯಾರಂಟಿ. ನೀರು ಹೊಡೆಯುವುದು ಈಗ, ಪ್ಲಾಸ್ಟರಿಗೆ, ಏಳು ದಿನ. ಬಣ್ಣಕ್ಕೆ 28 ದಿನ ಕಾಯಿರಿ.

ಮೊಳೆ, ಕೊಕ್ಕೆ, ಗ್ರಿಲ್‌ಗಳ ವಿಷಯದಲ್ಲಿ ಬ್ಲಾಕು ದುರ್ಬಲ. ಸಾಮಾನ್ಯ ಪ್ಲಾಸ್ಟಿಕ್ ಗುಲ್ಲಿ ಕೈಯಲ್ಲೇ ಕಿತ್ತುಬರುತ್ತದೆ. ಎಸಿಯ ಹೊರ ಯೂನಿಟ್ಟಿಗೆ ಗೋಡೆಯನ್ನು ಆರುಪಾರು ದಾಟುವ ಬೋಲ್ಟು, ಒಳಗಡೆ ದೊಡ್ಡ ತಟ್ಟೆ. ಕಿಟಕಿ ಗ್ರಿಲ್ಲು, ಬಾಗಿಲ ಚೌಕಟ್ಟನ್ನು ಗೋಡೆಗೆ ಹಿಡಿಸುವ ಹೋಲ್ಡ್‌ಫಾಸ್ಟ್ ಬರುವ ಕಡೆ ಕಟ್ಟುವಾಗಲೇ ಒಂದೊಂದು ಕಾಂಕ್ರೀಟ್ ತುಂಡು ಕೂರಿಸಿ. ಪೈಪು, ವೈರಿಗೆ ಕಾಲುವೆ ತೋಡುವುದು ಮೆಷಿನ್‌ನಲ್ಲೇ. ನೆಟ್ಟಗಿನದು ಗೋಡೆಯ ದಪ್ಪದ ಮೂರನೇ ಒಂದಕ್ಕಿಂತ, ಅಡ್ಡಡ್ಡದ್ದು ಆರನೇ ಒಂದಕ್ಕಿಂತ ಆಳ ಹೋಗಕೂಡದು.

ಯಾರಿಗೆ ಬೇಡ? ಕರಾವಳಿ, ಮಲೆನಾಡಿನ ಹಳೇ ಮನೆಗಳಿಗೆ ನಮ್ಮ ಶಿಫಾರಸು ಇಲ್ಲ. ನೈರುತ್ಯ ಮಳೆ ಗಾಳಿಯೊಡನೆ ತಿಂಗಳುಗಟ್ಟಲೆ ಪಡುವಣ ಗೋಡೆಗೆ ಬಡಿಯುವ ಕಡೆ, ಉದ್ದನೆಯ ಸೂರಿಲ್ಲದೆ ಎಎಸಿ ಒಣಗುವುದೇ ಇಲ್ಲ, ಒದ್ದೆಯಾದಾಗ ಅದರ ಶಾಖದ ಲಾಭವೂ ಹೋಗುತ್ತದೆ. ಕೆಂಪುಕಲ್ಲಿನ ಗೋಡೆಯಿದ್ದಲ್ಲಿ ಕೆಂಪುಕಲ್ಲೇ ಸೇರಲಿ; ಹಲ್ಲು ಕಚ್ಚಿಸಿ ಕಟ್ಟಬಹುದು, ಸಂದಿಯ ತಾಪತ್ರಯವೇ ಇಲ್ಲ. ಒಂದೆರಡು ಮೀಟರಿನ ಸಣ್ಣ ತುಂಡು ಗೋಡೆ ಬದಲಿಸುವವರಿಗೂ ಇದು ದುಬಾರಿ ರಗಳೆ. ಆ ಅಳತೆಗೆ ಒಳ್ಳೆಯ ಇಟ್ಟಿಗೆಯನ್ನು ನೆನೆಸಿ 1:6 ಗಾರೆಯಲ್ಲಿ ಕಟ್ಟಿಸಿ. ತೂಕವೂ ಕಡಿಮೆ ಇರಬೇಕು, ಕುಗ್ಗಲೂಬಾರದು ಎನ್ನುವವರು ಸುಟ್ಟ ಮಣ್ಣಿನ ಪೊಳ್ಳು ಬ್ಲಾಕು ನೋಡಬಹುದು; ಕುಣಿಗಲ್‌ನ ಕಾರ್ಖಾನೆಯಿಂದ ಬರುವ ಪೊರೊಥರ್ಮ್ ಇದೇ ಜಾತಿಯದು. ಅದರಲ್ಲಿ ಮೊಳೆ, ಕಾಲುವೆಗಳ ಕಷ್ಟ ಎಎಸಿಗಿಂತಲೂ ಹೆಚ್ಚು.

ಎಎಸಿ ಕಟ್ಟಿಸಿದವರು ಮೊದಲ ಬೇಸಿಗೆ ಕಳೆದ ಮೇಲೆ, ಮುಂಗಾರಿಗೆ ಮುಂಚೆ, ಹಳತು ಹೊಸತಿನ ಗ್ರೂವನ್ನು ಮೇಲಿನಿಂದ ಕೆಳಗಿನ ತನಕ ಬೆರಳಾಡಿಸಿ ನೋಡಿ. ಸೀಲೆಂಟ್ ಒಂದು ಬದಿಗೆ ಬಿಟ್ಟುಕೊಂಡಿದ್ದರೆ ಅಷ್ಟು ಭಾಗವನ್ನು ಬ್ಲೇಡಿನಲ್ಲಿ ಕೊಯ್ದು ತೆಗೆದು, ಧೂಳು ಒರೆಸಿ, ಒಣಗಿದ ಸಂದಿಗೆ ಮತ್ತೆ ತುಂಬಿ. ಗೋಡೆ ಕುಗ್ಗುವಷ್ಟು ಕುಗ್ಗಿ ಮುಗಿದ ಮೇಲೆ ಹಾಕುವ ಈ ಎರಡನೇ ಸೀಲೆಂಟ್ ಮೊದಲಿನದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.